ಬ್ಯಾಂಕ್ ಮೆಸೇಜ್ ಮೊದಲು, ಸತ್ಯವೇದ ಆಮೇಲೆ: ರಮ್ಮಿ ಬಿಟ್ಟ ನನ್ನ ಅನುಭವ

ನಾನು ಫೋನಿನಲ್ಲಿ ದುಡ್ಡು ಕಟ್ಟಿ ರಮ್ಮಿ ಆಡುವುದನ್ನು ಬಿಟ್ಟು ಹೆಚ್ಚು ಕಡಿಮೆ ಎರಡೂವರೆ ವರ್ಷ ಆಯಿತು. ಸರಿಯಾಗಿ ಎಷ್ಟು ದಿನ ಅಂತ ಎಣಿಸಿಲ್ಲ. ಹಿಂದೆ ಎಣಿಸಿದಾಗೆಲ್ಲ ಬಿದ್ದಿದ್ದೇನೆ. ನಮ್ಮ ಚರ್ಚಿನ ಸಭೆಯಲ್ಲಿ ಮೂರ್ನಾಲ್ಕು ಜನ "ಇದೆಲ್ಲಾ ನಡೆಯೂದಿಲ್ಲ ಬಿಡ್ರಿ" ಅಂದಿದ್ದರು. ಅವರಲ್ಲೇ ಇಬ್ಬರು ಈಗ ಅಂಗಡಿಗೆ ಬಂದು, ಚಹಾ ಕುಡಿದು, "ಹೆಂಗ ಮಾಡಿದ್ರಿ?" ಅಂತ ಮೆಲ್ಲಗೆ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಶೋಧನೆ, ಅಂದರೆ ಪಾಪದ ಸೆಳೆತ, ಏನು, ಅದು ಎಲ್ಲಿಂದ ಬರುತ್ತದೆ ಅನ್ನುವುದೆಲ್ಲ ನೀವು ಸಂಡೇ ಸ್ಕೂಲಿನಲ್ಲೇ ಕಲಿತಿದ್ದೀರಿ. ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ.

ಹುಬ್ಬಳ್ಳಿಯಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ, ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಕೆಲಸ. 2020ರ ಲಾಕ್‌ಡೌನ್‌ನಲ್ಲಿ ಸುಮ್ನೆ ಮನೆಯಲ್ಲಿ ಕೂತಾಗ ಶುರುವಾಯಿತು. ಮೊದಲು ಹತ್ತು ರೂಪಾಯಿ ಕಟ್ಟಿ ಆಡುವ ಟೇಬಲ್. ಆರು ತಿಂಗಳಲ್ಲಿ ಐನೂರರ ಟೇಬಲ್. ಮೂರು ವರ್ಷದಲ್ಲಿ ಹೋದದ್ದು ಸುಮಾರು 3 ಲಕ್ಷ 40 ಸಾವಿರ. ಬಡ್ಡಿ ಸೇರಿಸಿದರೆ ನಾಲ್ಕರ ಹತ್ತಿರ ಇರಬಹುದು. ನಮ್ಮಾಕೆಯ ಎರಡು ಪಾಟ್ಲಿ (ಬಂಗಾರದ ಬಳೆ) ಒತ್ತೆ ಹೋದವು. ಅದಕ್ಕೂ ಕೆಟ್ಟದ್ದು ಒಂದಿದೆ. ಸುಗ್ಗಿ ಹಬ್ಬದ ಹರಾಜಿನ ಹಣ ಹದಿನೆಂಟು ಸಾವಿರ ಚಿಲ್ಲರೆ ನನ್ನ ಕೈಯಲ್ಲಿತ್ತು. ಸಭೆಯವರು ಕೋಳಿ, ಕುಂಬಳಕಾಯಿ, ಜೋಳ ಅಂತ ಒಂದಕ್ಕೆರಡು ಕೊಟ್ಟು ಕೂಗಿ ತೆಗೆದುಕೊಂಡ ಹಣ. ಅದರಲ್ಲಿ ಹನ್ನೊಂದು ಸಾವಿರ ಒಂದೇ ರಾತ್ರಿ ಹಾಕಿ ಕಳೆದೆ. ಲೆಕ್ಕ ಕೊಡುವ ಭಾನುವಾರದೊಳಗೆ ಸಾಲ ಮಾಡಿ ತುಂಬಿಸಿದೆ. ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗದೇ ಹೋದದ್ದೇ ನನ್ನನ್ನು ಹಾಳು ಮಾಡಿತು.

ನೆಪಗಳಿಗೇನೂ ಬರ ಇರಲಿಲ್ಲ. ಸುಪ್ರೀಂ ಕೋರ್ಟೇ 1967ರಲ್ಲಿ ರಮ್ಮಿಯನ್ನು ಕೌಶಲದ ಆಟ ಅಂದಿದೆ, ಜೂಜು ಹೆಂಗಾಗುತ್ತೆ ಅನ್ನುತ್ತಿದ್ದೆ. ಯೂದನ ಜಾಗಕ್ಕೆ ಮತ್ತೀಯನನ್ನು ಆರಿಸುವಾಗ ಯೇಸುವಿನ ಅಪೊಸ್ತಲರೂ ಚೀಟು ಹಾಕಿದ್ದರು ಅನ್ನುತ್ತಿದ್ದೆ. ಗೆದ್ದ ದಿನ ಹತ್ತರಲ್ಲಿ ಒಂದು ಪಾಲು ಕಾಣಿಕೆ ಡಬ್ಬಿಗೆ ಹಾಕಿದ್ದೂ ಉಂಟು. ದೇವರನ್ನೇ ಪಾಲುದಾರ ಮಾಡಿಕೊಂಡಿದ್ದೆ! ಒಂದು ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ತೆಗೆದ ವಾಗ್ದಾನ ಕಾರ್ಡಿನಲ್ಲಿ (ವಚನ ಬರೆದ ಚೀಟಿ) ಆಶೀರ್ವಾದದ ವಚನ ಬಂತು. ಮನೆಗೆ ಬಂದವನೇ ಎರಡು ಸಾವಿರ ಹಾಕಿದೆ. ಬೆಳಗಾಗುವಷ್ಟರಲ್ಲಿ ಹೊಸ ವರ್ಷದ ಮಟನ್ ದುಡ್ಡೂ ಇರಲಿಲ್ಲ.

ಬಿಡಲು ಮಾಡಿದ ಪ್ರಯತ್ನಗಳು ಕಡಿಮೆ ಏನಲ್ಲ. ಆ್ಯಪ್ ಅಳಿಸಿದ್ದು ಹತ್ತು ಹದಿನೈದು ಸಲ. ಮತ್ತೆ ಹಾಕಿಕೊಳ್ಳಲು ಒಂದು ನಿಮಿಷ ಸಾಕು. 21 ದಿನ ಒಪ್ಪತ್ತು ಉಪವಾಸ ಪ್ರಾರ್ಥನೆ ಮಾಡಿದೆ. 21 ದಿನವೂ ಗಟ್ಟಿ ನಿಂತೆ, 22ನೇ ದಿನ "ಇಷ್ಟು ದಿನ ಇದ್ದೆನಲ್ಲ" ಅಂತ ಆಡಿದೆ. ಕೀಪ್ಯಾಡ್ ಫೋನ್ ತಗೊಂಡೆ. ಗಿರಾಕಿಗಳು ಸುಟ್ಟ ಕಾಯಿಲ್ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿ ರೇಟ್ ಕೇಳುತ್ತಾರೆ. ಎರಡು ವಾರದಲ್ಲಿ ಐದಾರು ಕೆಲಸ ಪಕ್ಕದ ಅಂಗಡಿಗೆ ಹೋದವು. ಹಳೇ ಫೋನ್ ಮತ್ತೆ ಹೊರಗೆ ಬಂತು.

ಕಾನೂನಿನ ಕಥೆ ಇನ್ನೂ ಮಜಾ. 2021ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ ನಿಷೇಧಿಸಿತು. ನನ್ನ ಆ್ಯಪ್ ತೆರೆದರೆ ನಿಮ್ಮ ರಾಜ್ಯದಲ್ಲಿ ಆಡುವಂತಿಲ್ಲ ಅಂತ ಬರುತ್ತಿತ್ತು. ಕ್ರಿಸ್ಮಸ್ ಹೊತ್ತಿಗೆ ಸಭೆಯ ಮುಂದೆ ನಿಂತು, ಕರ್ತನು ನನ್ನನ್ನು ಬಿಡಿಸಿದ ಅಂತ ಸಾಕ್ಷಿ ಹೇಳಿದೆ. ಎಲ್ಲರೂ ಸ್ತೋತ್ರ ಅಂದರು. 2022ರ ಫೆಬ್ರವರಿ 14ಕ್ಕೆ ಹೈಕೋರ್ಟ್ ಆ ನಿಷೇಧ ತಂದ ಕಾನೂನು ತಿದ್ದುಪಡಿಯ ಮುಖ್ಯ ಭಾಗಗಳನ್ನೇ ರದ್ದು ಮಾಡಿತು. ಆ್ಯಪ್ ತೆರೆದುಕೊಂಡ ವಾರದಲ್ಲೇ ಆರು ಸಾವಿರ ಹೋಯಿತು. ನನ್ನನ್ನು ಬಿಡಿಸಿದ್ದು ಕರ್ತನಲ್ಲ, ವಿಧಾನಸೌಧ ಅಂತ ಆಗ ಗೊತ್ತಾಯಿತು. ಸತ್ಯವೇದದ ಲೂಕ 11ರಲ್ಲಿ ದೆವ್ವ ಬಿಟ್ಟುಹೋದ ಮನೆ ಗುಡಿಸಿ ಸ್ವಚ್ಛ ಇರುತ್ತದೆ, ಅದು ತಿರುಗಿ ಬರುವಾಗ ತನಗಿಂತ ಕೆಟ್ಟ ಏಳನ್ನು ಕರಕೊಂಡು ಬರುತ್ತದಲ್ಲ? ನನ್ನ ಮನೆಗೆ ಬಂದದ್ದು ಸಾಲದ ಆ್ಯಪ್‌ಗಳು. ಏಳಲ್ಲ, ನಾಲ್ಕು.

ಈಗ ದಾರಿ ಹೇಳುತ್ತೇನೆ.

ನಮ್ಮ ಸೋದರಮಾವ ರೈಲ್ವೆ ವರ್ಕ್‌ಶಾಪ್‌ನಲ್ಲಿ ಫಿಟ್ಟರ್ ಆಗಿ ರಿಟೈರ್ ಆದವರು. ಒಬ್ಬರೇ ಇದ್ದಾರೆ. ರಾತ್ರಿ ಊಟ ನಮ್ಮ ಮನೆಯಲ್ಲೇ. ಕಿವಿ ಮಂದ. 2023ರ ನಡುವೆ ಒಂದು ರಾತ್ರಿ ಸಾಲದವನು ಫೋನ್ ಮೇಲೆ ಫೋನ್ ಮಾಡುತ್ತಿದ್ದ. ಮಾಮಾ ನೋಡಿದರು. ಅಂದು ಹರಾಜಿನ ಹಣದ ತನಕ ಎಲ್ಲ ಹೇಳಿಬಿಟ್ಟೆ. ಅವರು ಬೈಯಲಿಲ್ಲ, ವಚನವನ್ನೂ ಹೇಳಲಿಲ್ಲ. "ನಾಳೆಯಿಂದ ಕುಟುಂಬ ಪ್ರಾರ್ಥನೆಗಿಂತ ಮೊದಲು ಬ್ಯಾಂಕಿನ ಮೆಸೇಜ್ ಓದಪಾ. ಜೋರಾಗಿ ಓದು, ನನಗ ಕಿವಿ ಕೇಳೂದಿಲ್ಲ," ಅಂದರು. ಅಷ್ಟೇ.

ರಾತ್ರಿ ಒಂಬತ್ತೂವರೆ. ತಟ್ಟೆ ಎತ್ತಿದ ಮೇಲೆ ಚಾಪೆ ಹಾಸುತ್ತೇವೆ. ಬೆಳಗಿನಿಂದ ಬಂದ ಹಣ, ಹೋದ ಹಣ, ಪ್ರತಿಯೊಂದು ಮೆಸೇಜ್ ಓದಬೇಕು. ಆಮೇಲೆ ಯುಪಿಐ ಆ್ಯಪ್‌ಗಳ ಪಟ್ಟಿ ತೆರೆದು ತೋರಿಸಬೇಕು. ಮಾಮಾ ಹಳೇ ಡೈರಿಯಲ್ಲಿ ಎಲ್ಲ ಬರೆದುಕೊಳ್ಳುವುದಿಲ್ಲ, ರೌಂಡ್ ಮೊತ್ತ ಮಾತ್ರ ಬರೆಯುತ್ತಾರೆ. ಐನೂರು, ಸಾವಿರ, ಎರಡು ಸಾವಿರ. "ಅಂಗಡಿ ಖರ್ಚು ಯಾವತ್ತೂ ರೌಂಡ್ ಬರೂದಿಲ್ಲೋ. ಬೇರಿಂಗ್ 340 ಅಂದ್ರ 340. ರೌಂಡ್ ಬಂತಂದ್ರ ಅಲ್ಲಿ ಮನಸ್ಸೈತಿ." ಈ ಒಂದು ಮಾತಿಗೆ ನನ್ನ 21 ದಿನದ ಉಪವಾಸ ಸಮ ಅಲ್ಲ. ಇದಾದ ಮೇಲೆ ಸತ್ಯವೇದ, ಕೀರ್ತನೆ, ಪ್ರಾರ್ಥನೆ. ಮೊದಲೆಲ್ಲ ಪ್ರಾರ್ಥನೆಯಲ್ಲಿ ನನ್ನ ಬಾಯಿ ಒಂದು ಕಡೆ, ಎದೆ ಒಂದು ಕಡೆ ಇರುತ್ತಿತ್ತು. ಈಗ ಮುಚ್ಚಿಡಲು ಏನೂ ಉಳಿದಿರುವುದಿಲ್ಲ. "ಕರ್ತನೇ" ಅಂದರೆ ಗಂಟಲು ಹಿಡಿಯುವುದಿಲ್ಲ.

ಮಾಮಾ ಕೊನೆಗೆ ಒಂದು ಪ್ರಶ್ನೆ ಕೇಳುತ್ತಾರೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಮೊದಲೇ ಗೊತ್ತಾದರೆ ಉತ್ತರ ರೆಡಿ ಮಾಡಿಕೊಂಡು ಕೂತುಬಿಡುತ್ತೀರಿ, ನನಗೆ ನಿಮ್ಮ ಬುದ್ಧಿ ಗೊತ್ತು.

ಮೊದಲ ನಲವತ್ತು ದಿನದಲ್ಲಿ ಎರಡು ಸಲ ಬಿದ್ದೆ. ಆದರೂ ಓದಿದೆ. "ಸಾವಿರದ ಐನೂರು... ರಮ್ಮಿ." ಮಾಮಾಗೆ ಕೇಳಿಸಲಿಲ್ಲ, ಇನ್ನೊಮ್ಮೆ ಕೂಗಿದೆ. ಪಕ್ಕದ ಮನೆಯ ಟಿವಿ ಸದ್ದು ಒಮ್ಮೆಲೇ ಕಡಿಮೆಯಾಯಿತು. ಒಂಬತ್ತು ವರ್ಷದ ಮಗಳು ನನ್ನ ಮುಖ ನೋಡಿದಳು. ಆ ನೋಟಕ್ಕಿಂತ ಐನೂರರ ಟೇಬಲ್ ದೊಡ್ಡದಲ್ಲ. ಮೂರನೇ ಸಲ ಬೆರಳು ಆ್ಯಪ್ ಮೇಲೆ ಹೋದಾಗ, ರಾತ್ರಿ ಇದನ್ನು ಜೋರಾಗಿ ಓದಬೇಕಲ್ಲ ಅನಿಸಿ ಫೋನ್ ಕೆಳಗಿಟ್ಟೆ.

ಆದರೆ ಇಲ್ಲೊಂದು ತೂತು ಇತ್ತು, ನಮ್ಮ ಕಸುಬಿನವರಿಗೆ ಕೂಡಲೇ ಹೊಳೆಯುತ್ತದೆ. ಸುಟ್ಟ ಮೋಟಾರಿನಿಂದ ಕಿತ್ತ ಹಳೇ ತಾಮ್ರ! ಗುಜರಿಯಲ್ಲಿ ಕೆಜಿಗೆ ಐನೂರರಿಂದ ಆರುನೂರು ಸಿಗುತ್ತಿತ್ತು, ಕೈಗೆ ನಗದು. ಬ್ಯಾಂಕ್ ಮೆಸೇಜ್ ಬರುವುದಿಲ್ಲ. ಮೂರನೇ ತಿಂಗಳು ನಾಲ್ಕು ಕೆಜಿ ಮಾರಿ, ಒಬ್ಬ ಹುಡುಗನ ಫೋನಿನಿಂದ ಆಡಿದೆ. ಗೆದ್ದೆ ಬೇರೆ, ಎಂಟುನೂರು. ಸತ್ಯವೇದದ ಆಕಾನ ಕದ್ದ ಬೆಳ್ಳಿಯನ್ನು ಗುಡಾರದೊಳಗೆ ಹೂತಿಟ್ಟ ಹಾಗೆ ಆ ಎಂಟುನೂರನ್ನು ವಾರ್ನಿಷ್ ಡಬ್ಬಿಯ ಕೆಳಗೆ ಇಟ್ಟಿದ್ದೆ. ನಾಲ್ಕು ರಾತ್ರಿ ಮೆಸೇಜ್ ಓದಿದೆ, ಎಲ್ಲ ಶುದ್ಧ. ಐದನೇ ರಾತ್ರಿ ಮಾಮಾ ಆ ಪ್ರಶ್ನೆ ಕೇಳಿದಾಗ ತಡೆಯಲಾಗಲಿಲ್ಲ. ಅಂದಿನಿಂದ ಹಳೇ ತಾಮ್ರ ತೂಗಿ ಚೀಲಕ್ಕೆ ಹಾಕುವುದು ನಾನು, ಮಾರುವುದು ನಮ್ಮಾಕೆ. ನಿಮ್ಮ ನಿಮ್ಮ ಕಸುಬಿನಲ್ಲೂ ಇಂಥ ತಾಮ್ರ ಇದ್ದೇ ಇರುತ್ತದೆ, ಅದನ್ನು ಮೊದಲು ಹುಡುಕಿ.

ಇದು ಕಿವಿಗೆ ಬಿದ್ದಾಗ ನಮ್ಮ ಸಭೆಯ ಅಯ್ಯನವರು (ಪಾಸ್ಟರ್) ಒಪ್ಪಲಿಲ್ಲ. "ಇದು ಕೃಪೆ ಅಲ್ಲಪಾ, ಧರ್ಮಶಾಸ್ತ್ರ ಆಯ್ತು" ಅಂದರು. ನಾನು ಯಾಕೋಬ 5:16 ತೆಗೆದೆ. ಪಾಪವನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿ ಅಂತಲೇ ಅಲ್ವಾ ಇರುವುದು, ಮನಸ್ಸಿನೊಳಗೆ ಮಾಡಿ ಅಂತ ಇಲ್ಲವಲ್ಲ ಅಂದೆ. ನಕ್ಕು ಸುಮ್ಮನಾದರು. ಹೋದ ವರ್ಷ ಅವರೇ ಒಬ್ಬ ಹುಡುಗನನ್ನು ನನ್ನ ಹತ್ತಿರ ಕಳಿಸಿದರು. ಸ್ವಲ್ಪ ಹೆಮ್ಮೆಯಾಯಿತು, ಯಾಕೆ ಸುಳ್ಳು ಹೇಳಲಿ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಕೀರ್ತನೆ 119ರಲ್ಲಿ 176 ವಚನ, ಎಂಟೆಂಟರ 22 ಭಾಗ. ಕೈ ತುರಿಸಿದಾಗಲೆಲ್ಲ ಒಂದು ಭಾಗ ಓದುವುದು ಅಂತ ಇಟ್ಟುಕೊಂಡೆ. ಒಂದು ಭಾಗ ಓದಲು ಒಂದೂವರೆ ನಿಮಿಷ, ನನ್ನ ತುರಿಕೆ ಇರುವುದು ಇಪ್ಪತ್ತು ನಿಮಿಷ. ನಾಲ್ಕನೇ ಭಾಗಕ್ಕೇ ಕಣ್ಣು ಓದುತ್ತಿತ್ತು, ತಲೆ ಎಲೆ ಜೋಡಿಸುತ್ತಿತ್ತು. ಎದ್ದು ಹೋಗಿ ಸ್ಟೇಟರ್‌ಗೆ ತಂತಿ ಸುತ್ತುತ್ತಾ ಬಾಯಿಪಾಠದಿಂದ ಹೇಳಿದರೆ ಮಾತ್ರ ಕೆಲಸ ಮಾಡಿತು. ಒಡೆಯನ ಹೆಂಡತಿ ಹಿಡಿದಾಗ ಯೋಸೇಫ ಮೇಲಂಗಿ ಬಿಟ್ಟು ಓಡಿಹೋದ, ಅಲ್ಲೇ ನಿಂತು ಪ್ರಾರ್ಥನೆ ಮಾಡಲಿಲ್ಲ. ಬೆಳಗ್ಗೆ ನಾಲ್ಕಕ್ಕೆ ಎದ್ದು ಪ್ರಾರ್ಥಿಸಿಯೂ ನೋಡಿದೆ. ಮಧ್ಯಾಹ್ನ ಅಂಗಡಿಯಲ್ಲಿ ನಿದ್ದೆ, ಒಂದು ಪಂಪ್‌ಸೆಟ್ ಕನೆಕ್ಷನ್ ಉಲ್ಟಾ ಕೊಟ್ಟು ಬೈಸಿಕೊಂಡೆ. ಇದೇ ಮೆಸೇಜ್ ಓದುವ ಪದ್ಧತಿಯನ್ನು ಬಾಮೈದನ ಗುಟ್ಕಾ ಮೇಲೆ ಹಾಕಿ ನೋಡಿದೆವು. ನಡೆಯಲಿಲ್ಲ. ಐದು ಹತ್ತು ರೂಪಾಯಿ ಲೆಕ್ಕ ಯಾರು ಹಿಡಿಯುತ್ತಾರೆ?

2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನು ಬಂದು, ದೇಶದಲ್ಲೆಲ್ಲ ದುಡ್ಡಿನ ಆನ್‌ಲೈನ್ ಆಟಕ್ಕೆ ನಿಷೇಧ ಬಿತ್ತು. "ಈಗ ಆ್ಯಪೇ ಇಲ್ಲ, ನಿಂದೇನ್ ದೊಡ್ಡಸ್ತಿಕೆ" ಅನ್ನುವವರಿದ್ದಾರೆ. ನಾನು ಬಿಟ್ಟದ್ದು ಅದಕ್ಕಿಂತ ಎರಡು ವರ್ಷ ಮೊದಲು. ಮತ್ತೆ, ಕ್ರಿಕೆಟ್ ಸೀಸನ್ ಬಂತೆಂದರೆ ನಮ್ಮ ಓಣಿಯಲ್ಲೇ ಯಾರ ಫೋನಿಗೆ ಯಾವ ಬೆಟ್ಟಿಂಗ್ ರೇಟ್ ಬರುತ್ತದೆ ಅಂತ ನನಗೆ ಗೊತ್ತು. ನಿಮಗೂ ಗೊತ್ತು.

ಸಾಲದಲ್ಲಿ ಇನ್ನು ಅರವತ್ತು ಸಾವಿರ ಚಿಲ್ಲರೆ ಬಾಕಿ. ಒಂದು ಪಾಟ್ಲಿ ಬಿಡಿಸಿಕೊಂಡಿದ್ದೇವೆ, ಇನ್ನೊಂದು ಬ್ಯಾಂಕಿನಲ್ಲೇ ಇದೆ. ಹರಾಜಿನ ಹಣದ ವಿಷಯ ಸಭಾ ಕಮಿಟಿಗೆ ಹೇಳಿದೆ, ಈಗ ಲೆಕ್ಕ ನೋಡುವ ಕೆಲಸ ನನ್ನದಲ್ಲ. ಬೇಸಿಗೆ ಬರುತ್ತಿದೆ. ಪಂಪ್‌ಸೆಟ್‌ಗಳು ಸಾಲಾಗಿ ಸುಡುವ ಕಾಲ. ದಿನಕ್ಕೆ ಎಂಟು ಹತ್ತು ಸಾವಿರ ನಗದು ಕೈಗೆ ಬರುವುದು ಆವಾಗಲೇ. ಮಾಮಾ ಸರಿಯಾಗಿ ಅದೇ ಹೊತ್ತಿಗೆ ಹದಿನೈದು ದಿನ ಬೆಳಗಾವಿಗೆ ಮಗಳ ಮನೆಗೆ ಹೊರಟಿದ್ದಾರೆ. ರಾತ್ರಿ ಒಂಬತ್ತೂವರೆಗೆ ಫೋನ್ ಮಾಡಿ ಓದು ಅಂದಿದ್ದಾರೆ. ಎದುರು ಕೂತರೇ ಕೇಳಿಸದವರಿಗೆ ಫೋನಿನಲ್ಲಿ ಎಷ್ಟು ಕೂಗಬೇಕೋ ಏನೋ. ನನ್ನ ಮಗಳಿಗೆ ಮಾತ್ರ ಈಗಲೇ ಖುಷಿ, ಅಜ್ಜನ ಡೈರಿ ಹದಿನೈದು ದಿನ ತನ್ನ ಕೈಗೆ ಬರುತ್ತದೆ ಅಂತ. ಪೆನ್ಸಿಲ್ ಚೂಪು ಮಾಡಿಟ್ಟುಕೊಂಡಿದ್ದಾಳೆ.