ಹೊಸಬರನ್ನು ಕರೆಯೋ ಮೊದಲು ಒಳಗಿದ್ದವರನ್ನು ದಡ ಸೇರಿಸಿ

ಅಮೆರಿಕದ ಒಂದು ರಾಜ್ಯದ ಉನ್ನತ ಶಿಕ್ಷಣ ಕಚೇರಿಯಲ್ಲಿ ನಿಮಗೆ ಕೆಲಸ ಸಿಕ್ಕಿದೆ ಅಂತಿಟ್ಟುಕೊಳ್ಳಿ. ಆಸ್ಪತ್ರೆಗಳಿಗೆ ನರ್ಸ್‌ಗಳು ಸಾಲುತ್ತಿಲ್ಲ, ಫ್ಯಾಕ್ಟರಿಗಳಿಗೆ ಮೆಶಿನ್ ಗೊತ್ತಿರುವವರು ಸಿಗುತ್ತಿಲ್ಲ, ಶಾಲೆಗಳಿಗೆ ಮೇಷ್ಟ್ರಿಲ್ಲ. ಗವರ್ನರ್ ಒಂದು ಗುರಿ ಹಾಕಿ ಕೈ ತೊಳೆದುಕೊಂಡಿದ್ದಾರೆ. ಟೆನೆಸಿಯಲ್ಲಿ ಆಗಿನ ಗವರ್ನರ್ ಬಿಲ್ ಹ್ಯಾಸ್ಲಮ್ 2013ರಲ್ಲಿ ಹೇಳಿದ್ದು, 2025ರ ಹೊತ್ತಿಗೆ ಶೇ. 55 ಜನರ ಹತ್ತಿರ ಡಿಗ್ರಿಯೋ ಸರ್ಟಿಫಿಕೇಟೋ ಇರಬೇಕು ಅಂತ. ಟೆಕ್ಸಸ್ 2015ರಲ್ಲಿ ಇನ್ನೂ ಜೋರು: 25ರಿಂದ 34 ವಯಸ್ಸಿನವರಲ್ಲಿ ಶೇ. 60, 2030ರೊಳಗೆ. ಹೇಳೋದು ಅವರ ಕೆಲಸ, ಮಾಡಿಸೋದು ನಿಮ್ಮದು.

ಎಲ್ಲರ ಕೈ ಮೊದಲು ಹೋಗೋದು ಅಡ್ಮಿಷನ್ ಪ್ರಚಾರದ ಕಡೆಗೆ. ಅದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಸೇರಿದವರಲ್ಲಿ ಎಷ್ಟೋ ಜನ ಮಧ್ಯದಲ್ಲೇ ಬಿಟ್ಟುಹೋಗುತ್ತಾರೆ. ತೂತು ಬಿದ್ದ ಕೊಡಕ್ಕೆ ಇನ್ನೂ ಎರಡು ಬಿಂದಿಗೆ ಸುರಿದರೆ ನೆಲ ಒದ್ದೆಯಾಗುತ್ತೆ ಅಷ್ಟೇ.

ಮೊದಲು ಎಣಿಸಿ, ಆದರೆ ಸರಿಯಾಗಿ ಎಣಿಸಿ. ಕೇಂದ್ರ ಸರ್ಕಾರಕ್ಕೆ ಕಾಲೇಜುಗಳು ಕೊಡುವ ಹಳೇ ಲೆಕ್ಕದಲ್ಲಿ ಬರೋದು ಮೊದಲ ಸಲ ಕಾಲೇಜಿಗೆ ಬಂದ, ಫುಲ್ ಟೈಮ್ ಓದುವ ಮಕ್ಕಳು ಮಾತ್ರ. ಕೆಲಸ ಮಾಡಿಕೊಂಡು ಎರಡೇ ಪಾಠ ತೆಗೆದುಕೊಳ್ಳುವ ಮೂವತ್ತು ವರ್ಷದ ತಾಯಿ ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ನಿಮಗೆ ಬೇಕಾಗಿರೋದು ಬೇರೆ ಪಟ್ಟಿ: ಯಾರು ಬಿಟ್ಟರು, ಯಾವ ಸೆಮಿಸ್ಟರಿನಲ್ಲಿ, ಎಷ್ಟು ಕ್ರೆಡಿಟ್ (ಪಾಠ ಪಾಸಾದಾಗ ಡಿಗ್ರಿ ಲೆಕ್ಕಕ್ಕೆ ಸೇರುವ ಅಂಕ) ಆಗಿತ್ತು, ಕಾಲೇಜಿಗೆ ಎಷ್ಟು ದುಡ್ಡು ಬಾಕಿ ಇತ್ತು. ಈ ಪಟ್ಟಿ ಕೇಳಿದರೆ ಕೆಲವು ಕಾಲೇಜಿನವರು ಮುಖ ಗಂಟಿಕ್ಕುತ್ತಾರೆ. ಪರವಾಗಿಲ್ಲ, ಮತ್ತೆ ಕೇಳಿ.

ಆಮೇಲೆ ಒಂದು ಸಣ್ಣ ಗುಣಾಕಾರ. ಬ್ಯಾಚಲರ್ ಡಿಗ್ರಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕು. ಸೆಮಿಸ್ಟರಿಗೆ 12 ತೆಗೆದುಕೊಂಡರೆ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರ ಕೊಡುವ ಹಣದ ನೆರವಿನ ನಿಯಮದ ಪ್ರಕಾರ ನೀವು ಫುಲ್ ಟೈಮ್. ಆದರೆ 12ನ್ನು ಎಂಟು ಸೆಮಿಸ್ಟರಿಗೆ ಗುಣಿಸಿ ನೋಡಿ, 96! ಹುಡುಗ ಒಂದು ದಿನವೂ ಸೋಮಾರಿಯಾಗದೆ, ಒಂದರಲ್ಲೂ ಫೇಲಾಗದೆ, ನಿಯಮ ಹೇಳಿದಷ್ಟೇ ಓದಿದರೂ ನಾಲ್ಕು ವರ್ಷಕ್ಕೆ ಮುಗಿಯಲ್ಲ, ಮತ್ತೆ ಇದನ್ನು ಅವನಿಗೆ ಯಾರೂ ಹೇಳಿರಲ್ಲ. ಹವಾಯಿಯವರು ಇದನ್ನು ಹಿಡಿದುಕೊಂಡು ಸೆಮಿಸ್ಟರಿಗೆ 15 ತೆಗೆದುಕೊಳ್ಳಿ ಅಂತ ಪ್ರಚಾರ ಮಾಡಿದರು, ಬೇರೆ ರಾಜ್ಯಗಳೂ ಹಿಂದೆ ಬಂದವು. ಆದರೆ ವಾರಕ್ಕೆ ಮೂವತ್ತು ಗಂಟೆ ದುಡಿಯುವವನಿಗೆ ಪೋಸ್ಟರ್ ತೋರಿಸಿ 15 ತಗೋ ಅನ್ನೋದು ಬರೀ ಬಾಯಿಮಾತು. ಅವನಿಗೆ ಬೇಸಿಗೆಯ ಪಾಠಗಳು ಬೇಕು, ಅದಕ್ಕೂ ಫೀಸಿನ ನೆರವು ಬೇಕು.

ಮುಂದಿನ ತೂತು ಗಣಿತ. ಹಳೇ ಪದ್ಧತಿಯಲ್ಲಿ ಪ್ರವೇಶ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದವರನ್ನು ತಯಾರಿ ತರಗತಿಗೆ ತಳ್ಳುತ್ತಿದ್ದರು. ಅದಕ್ಕೆ ಫೀಸು ಇದೆ, ಡಿಗ್ರಿಗೆ ಸೇರುವ ಕ್ರೆಡಿಟ್ ಮಾತ್ರ ಇಲ್ಲ. ಒಂದು ಮುಗಿಸಿದರೆ ಇನ್ನೊಂದು, ಅಷ್ಟರಲ್ಲಿ ಮಕ್ಕಳು ಬೇಸತ್ತು ಮನೆಗೆ. ಟೆನೆಸಿಯ ಕಮ್ಯುನಿಟಿ ಕಾಲೇಜುಗಳು (ಹೆಚ್ಚಾಗಿ ಎರಡು ವರ್ಷದ ಡಿಗ್ರಿ ಕೊಡುವ ಸರ್ಕಾರಿ ಕಾಲೇಜುಗಳು) 2015ರಲ್ಲಿ ಇದನ್ನು ತಿರುಗಿಸಿಬಿಟ್ಟವು: ಎಲ್ಲರನ್ನೂ ನೇರವಾಗಿ ಕಾಲೇಜು ಗಣಿತಕ್ಕೇ ಕೂರಿಸಿ, ಕಷ್ಟ ಇರುವವರಿಗೆ ಅದೇ ಸೆಮಿಸ್ಟರಿನಲ್ಲಿ ಪಕ್ಕದಲ್ಲೊಂದು ಸಹಾಯದ ತರಗತಿ. ಮೊದಲು ಇಂಥವರಲ್ಲಿ ವರ್ಷದೊಳಗೆ ಕಾಲೇಜು ಗಣಿತ ಪಾಸಾಗುತ್ತಿದ್ದವರು ಶೇ. 12ರ ಆಸುಪಾಸು, ಆಮೇಲೆ ಅರ್ಧದಷ್ಟು. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಫಲ ಕೊಟ್ಟ ಬದಲಾವಣೆ ನನಗೆ ಇನ್ನೊಂದು ಗೊತ್ತಿಲ್ಲ. ಹಾಗೇ ಯಾವ ಗಣಿತ ಅನ್ನೋದನ್ನೂ ನೋಡಿ. ನರ್ಸ್ ಆಗುವವಳಿಗೆ ಸ್ಟ್ಯಾಟಿಸ್ಟಿಕ್ಸ್ ಉಪಯೋಗಕ್ಕೆ ಬರುತ್ತೆ, ಬೀಜಗಣಿತದ ಅಷ್ಟೂ ಸೂತ್ರಗಳು ಅವಳಿಗೇಕೆ?

ಇನ್ನು ದುಡ್ಡು. ಜಾರ್ಜಿಯಾ ಸ್ಟೇಟ್ ಯೂನಿವರ್ಸಿಟಿಯಲ್ಲಿ 2003ರಲ್ಲಿ ಆರು ವರ್ಷದೊಳಗೆ ಮುಗಿಸುತ್ತಿದ್ದವರು ಶೇ. 32 ಮಾತ್ರ, ಸುಮಾರು ಹತ್ತು ವರ್ಷದಲ್ಲಿ ಅದು 50 ದಾಟಿತು. ಎಲ್ಲರೂ ಮಾತಾಡೋದು ಅವರ ಕಂಪ್ಯೂಟರ್ ವ್ಯವಸ್ಥೆ ಬಗ್ಗೆ. ಅದು 2012ರಿಂದ ಪ್ರತಿ ವಿದ್ಯಾರ್ಥಿಯ ಮೇಲೆ 800 ಥರದ ಎಚ್ಚರಿಕೆ ಗುರುತುಗಳನ್ನು ನೋಡುತ್ತೆ. ಒಳ್ಳೆಯದೇ, ಆದರೆ ಗಂಟೆ ಬಾರಿಸಿದ ಮೇಲೆ ಎದ್ದು ಹೋಗಿ ಮಾತಾಡುವ ಮನುಷ್ಯ ಬೇಕಲ್ವಾ? ಅವರು ಓದಿನ ದಾರಿ ಹೇಳುವ ಅಡ್ವೈಸರ್‌ಗಳನ್ನೂ ಜಾಸ್ತಿ ತೆಗೆದುಕೊಂಡರು. ನನಗೆ ಇಷ್ಟವಾದದ್ದು ಇನ್ನೊಂದು. ಕೆಲವು ನೂರು ಡಾಲರ್ ಬಾಕಿ ಇದೆ ಅಂತ ಕ್ಲಾಸಿನಿಂದ ಹೆಸರು ಹೊಡೆದುಹಾಕಿಸಿಕೊಂಡ, ಡಿಗ್ರಿಗೆ ಸ್ವಲ್ಪವೇ ಉಳಿದಿರುವ ಮಕ್ಕಳನ್ನು ಅವರೇ ಹುಡುಕಿ ಆ ಬಾಕಿ ತುಂಬಿಬಿಡುತ್ತಾರೆ. ಅರ್ಜಿ ಇಲ್ಲ, ಶಿಫಾರಸು ಇಲ್ಲ. ಅರ್ಜಿ ಇಟ್ಟರೆ ಬರೋದು ಅರ್ಜಿ ಬರೆಯಲು ಗೊತ್ತಿರುವವರು, ನಿಜವಾಗಿ ಮುಳುಗುತ್ತಿರುವವರಲ್ಲ.

ಕೈಯಲ್ಲಿ ಸ್ವಲ್ಪ ಜಾಸ್ತಿ ದುಡ್ಡಿದ್ದರೆ ನ್ಯೂಯಾರ್ಕ್ ನಗರದ ಸಿಟಿ ಯೂನಿವರ್ಸಿಟಿ 2007ರಲ್ಲಿ ಶುರು ಮಾಡಿದ 'ಎಸ್ಯಾಪ್' ಕಾರ್ಯಕ್ರಮ ನೋಡಿ. ಫುಲ್ ಟೈಮ್ ಓದಲೇಬೇಕು, ಅಡ್ವೈಸರನ್ನು ಆಗಾಗ ನೋಡಲೇಬೇಕು. ಅದಕ್ಕೆ ಬದಲಾಗಿ ನೆರವು ಸಾಲದೆ ಉಳಿದ ಫೀಸು ಮನ್ನಾ, ಪುಸ್ತಕ ಪುಕ್ಕಟೆ, ತಿಂಗಳ ಸಬ್‌ವೇ ಪಾಸು. ಒಬ್ಬ ಅಡ್ವೈಸರ್ ಕೈಕೆಳಗೆ 60ರಿಂದ 80 ಮಂದಿ, ಹೊರಗಿನ ಮಕ್ಕಳಿಗೆ ಅದು 600ಕ್ಕಿಂತ ಕಡಿಮೆ ಇರಲಿಲ್ಲ. ಚೀಟಿ ಎತ್ತಿದ ಹಾಗೆ ಮಕ್ಕಳನ್ನು ಎರಡು ಗುಂಪು ಮಾಡಿ ಹೋಲಿಸಿದಾಗ, ಎರಡು ವರ್ಷದ ಡಿಗ್ರಿಯನ್ನು ಮೂರು ವರ್ಷದೊಳಗೆ ಮುಗಿಸಿದವರು ಕಾರ್ಯಕ್ರಮದ ಗುಂಪಲ್ಲಿ ಶೇ. 40, ಹೊರಗಿನ ಗುಂಪಲ್ಲಿ 22. ಒಹಾಯೋದಲ್ಲೂ ಮೂರು ಕಾಲೇಜುಗಳು ಮಾಡಿದವು, ಅಲ್ಲೂ ಹೆಚ್ಚುಕಡಿಮೆ ಇಷ್ಟೇ ಅಂತರ. ಬಜೆಟ್ ಮಾಡಲು ಕೂತವರು 'ತಲೆಗೆ ಇಷ್ಟೊಂದು ಖರ್ಚಾ' ಅಂತಾರೆ. ಆಗ ಸೇರಿದವರ ತಲೆಗಲ್ಲ, ಮುಗಿಸಿದವರ ತಲೆಗೆ ಭಾಗಿಸಿ ತೋರಿಸಿ. ನ್ಯೂಯಾರ್ಕಿನಲ್ಲಿ ಹಾಗೆ ಲೆಕ್ಕ ಹಾಕಿದಾಗ ಒಂದು ಡಿಗ್ರಿಗೆ ಬಿದ್ದ ಖರ್ಚು ಮಾಮೂಲಿಗಿಂತ ಕಡಿಮೆಯೇ ಇತ್ತು. ಇದರಲ್ಲಿ ಒಂದೆರಡು ಚೂರು ಮಾತ್ರ ಎತ್ತಿಕೊಂಡು, ಸುಮ್ನೆ ಬಸ್ ಪಾಸ್ ಕೊಟ್ಟು, ಅದೇ ಫಲ ನಿರೀಕ್ಷಿಸಬೇಡಿ.

ಕಾಲೇಜು ಬದಲಾಯಿಸಿದಾಗ ಕ್ರೆಡಿಟ್ ಕಳೆದುಹೋಗದ ಹಾಗೆ ಒಂದೇ ಥರದ ಪಾಠಕ್ಕೆ ರಾಜ್ಯದ ಎಲ್ಲ ಕಾಲೇಜಲ್ಲೂ ಒಂದೇ ಕೋರ್ಸ್ ನಂಬರ್ ಮಾಡಿಸಿ. ಫ್ಲೋರಿಡಾದಲ್ಲಿ ಇದು ದಶಕಗಳಿಂದ ಇದೆ. ಇದಕ್ಕಿಂತ ಜಾಸ್ತಿ ಹೇಳೋದೇನಿಲ್ಲ, ಯಾವ ಪಾಠ ಯಾವುದಕ್ಕೆ ಸಮ ಅನ್ನೋ ಮೇಷ್ಟ್ರುಗಳ ಜಗಳ ಬಿಡಿಸುವ ತಾಳ್ಮೆ ಇರಬೇಕು ಅಷ್ಟೇ.

ಈಗ ಉದ್ಯೋಗದ ಕಡೆ. ಡಿಗ್ರಿ ಸಂಖ್ಯೆ ಏರಿದ ತಕ್ಷಣ ಆಸ್ಪತ್ರೆಗೆ ನರ್ಸ್ ಬರಲ್ಲ. ನರ್ಸಿಂಗ್‌ನಲ್ಲಿ ತೊಂದರೆ ಎಷ್ಟೋ ಸಲ ಮಕ್ಕಳದ್ದಲ್ಲ, ಸೀಟಿನದ್ದು. ಕಲಿಸುವವರಿಲ್ಲ, ಯಾಕೆಂದರೆ ವಾರ್ಡಿನಲ್ಲಿ ಸಂಬಳ ಜಾಸ್ತಿ, ತರಬೇತಿಗೆ ಆಸ್ಪತ್ರೆಯಲ್ಲಿ ಜಾಗ ಇಲ್ಲ. ಅರ್ಹ ಮಕ್ಕಳನ್ನೇ ವಾಪಸ್ ಕಳಿಸುತ್ತಾರೆ. ಹಾಗಾಗಿ ಉದ್ಯೋಗದವರ ಜೊತೆ ಕೂತಾಗ 'ಏನು ಕಲಿಸಬೇಕು' ಅಂತ ಮಾತ್ರ ಕೇಳಬೇಡಿ, 'ಎಷ್ಟು ಜನಕ್ಕೆ ತರಬೇತಿ ಜಾಗ ಕೊಡ್ತೀರಿ, ಕಲಿಸೋಕೆ ನಿಮ್ಮವರನ್ನು ಯಾರನ್ನು ಕಳಿಸ್ತೀರಿ' ಅಂತ ಬರೆಸಿಕೊಳ್ಳಿ. ಕಾಲೇಜಿಗೆ ಕೊಡುವ ಹಣವನ್ನು ಫಲಿತಾಂಶಕ್ಕೆ ಕಟ್ಟಿದರೆ (ಟೆನೆಸಿ 2010ರಲ್ಲೇ ಆ ಕಾನೂನು ಮಾಡಿತು) ಒಂದು ಕಣ್ಣಿಟ್ಟಿರಿ. ಕೆಲವೇ ವಾರದ, ಕೂಲಿ ಹೆಚ್ಚಿಸದ ಸರ್ಟಿಫಿಕೇಟುಗಳನ್ನು ಹಂಚಿ ಸಂಖ್ಯೆ ತೋರಿಸುವ ಆಸೆ ಎಲ್ಲರಿಗೂ ಬರುತ್ತೆ.

ಕೊನೆಗೆ ಬಿಟ್ಟುಹೋದವರು. ಟೆನೆಸಿ 2018ರಿಂದ ದೊಡ್ಡವರಿಗೂ ಕಮ್ಯುನಿಟಿ ಕಾಲೇಜಿನ ಬೋಧನಾ ಶುಲ್ಕ ಇಲ್ಲದ ಹಾಗೆ ಮಾಡಿತು. ಆದರೂ ಹಳೇ ಬಾಕಿ ಇದೆ ಅಂತ ಕಾಲೇಜು ಅಂಕಪಟ್ಟಿ ಹಿಡಿದಿಟ್ಟುಕೊಂಡರೆ ಅವರು ಬಾಗಿಲ ತನಕವೂ ಬರಲ್ಲ. ಕ್ಯಾಲಿಫೋರ್ನಿಯಾ ಹಾಗೆ ಹಿಡಿದಿಡೋದನ್ನೇ ಕಾನೂನಿನಲ್ಲಿ ನಿಲ್ಲಿಸಿತು, ನಿಮ್ಮಲ್ಲೂ ಅದನ್ನು ಮೊದಲು ತೆಗೆಸಿ. ಆಮೇಲೆ ಮೊದಲು ಮಾಡಿಸಿದ ಬಿಟ್ಟುಹೋದವರ ಪಟ್ಟಿ ಹಿಡಿದು, ಡಿಗ್ರಿಗೆ ಅತಿ ಕಡಿಮೆ ಉಳಿದಿರುವವರಿಂದ ಶುರು ಮಾಡಿ ಒಬ್ಬೊಬ್ಬರಿಗೇ ಫೋನ್ ಮಾಡಿಸಿ. 'ಬನ್ನಿ' ಅನ್ನೋದಲ್ಲ, 'ನಿಮಗೆ ಇಂಥ ಮೂರು ಪಾಠ ಉಳಿದಿದೆ, ಸಂಜೆ ಇದೆ, ಇಷ್ಟು ಖರ್ಚಾಗುತ್ತೆ' ಅನ್ನಬೇಕು. ಫೋನ್ ಸಂಜೆ ಮಾಡಿಸಿ, ಹಗಲು ಅವರು ಕೆಲಸದಲ್ಲಿರುತ್ತಾರೆ.