ಅಮೆರಿಕದ ಪ್ರಾಥಮಿಕ ಶಾಲೆಗೆ ಸೇರುವ ನಮ್ಮ ಮಕ್ಕಳು: ಇಂಗ್ಲಿಷ್ ಪರೀಕ್ಷೆ, ಅನುಕೂಲಗಳು ಮತ್ತು ಪಾಲಕರ ಹಕ್ಕು

ಬೆಳಗಾವಿ, ಬಾಗಲಕೋಟೆ, ವಿಜಯಪುರಗಳಿಂದ ಅಮೆರಿಕಕ್ಕೆ ಬಂದಿಳಿಯುವ ಕುಟುಂಬಗಳು ಶಾಲೆಯ ಬಗ್ಗೆ ಸಂಘವನ್ನು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಊರಲ್ಲಿ ಇಂಗ್ಲಿಷ್ ಮಾಧ್ಯಮದಲ್ಲೇ ಓದಿದ ಮಗುವಿಗೆ ಇಲ್ಲಿ ಮತ್ತೇಕೆ ಇಂಗ್ಲಿಷ್ ಪರೀಕ್ಷೆ?

ದಾಖಲಾತಿ ಅರ್ಜಿಯ ಜೊತೆಗೆ ಮನೆಭಾಷೆಯ ಸಮೀಕ್ಷೆ ಎಂಬ ಹಾಳೆ ಬರುತ್ತದೆ. ಮಗು ಮೊದಲು ಕಲಿತ ಮಾತು ಯಾವುದು, ಮನೆಯಲ್ಲಿ ಹೆಚ್ಚಾಗಿ ಆಡುವುದು ಯಾವುದು ಎಂದು ಅದರಲ್ಲಿ ಕೇಳುತ್ತಾರೆ. ಇಂಗ್ಲಿಷ್ ಅಲ್ಲದ ಭಾಷೆಯ ಹೆಸರು ಕಂಡರೆ ಮಗುವಿನ ಇಂಗ್ಲಿಷ್ ಎಷ್ಟಿದೆ ಎಂದು ಶಾಲೆ ಪರೀಕ್ಷಿಸುತ್ತದೆ. ಇದರಿಂದ ಪಾರಾಗಲು ಇಂಗ್ಲಿಷ್ ಎಂದೇ ಬರೆದುಬಿಡಿ ಎನ್ನುವವರು ನಿಮಗೂ ಸಿಗುತ್ತಾರೆ. ಅವರ ಮಾತು ಕೇಳಬೇಡಿ. ಕನ್ನಡ ಎಂದು ಬರೆಯಿರಿ. ಬೆಳಗಾವಿಯ ಎಷ್ಟೋ ಮನೆಗಳಲ್ಲಿರುವಂತೆ ಅಜ್ಜಿಯೊಂದಿಗೆ ಮರಾಠಿ ನಡೆಯುತ್ತಿದ್ದರೆ ಅದನ್ನೂ, ವಿಜಯಪುರದ ಮನೆಯಲ್ಲಿ ಉರ್ದು ಇದ್ದರೆ ಅದನ್ನೂ ಬರೆಯಿರಿ. ಈ ಹಾಳೆಯಲ್ಲಿ ಮುಚ್ಚಿಟ್ಟರೆ ಮಗುವಿಗೆ ಸಿಗಬೇಕಾದ ನೆರವಿನ ಬಾಗಿಲನ್ನು ನೀವೇ ಮುಚ್ಚಿದಂತಾಗುತ್ತದೆ.

ಇಂಗ್ಲಿಷ್ ಕಲಿಯುತ್ತಿರುವ ವಿದ್ಯಾರ್ಥಿ ಎಂದು ಗುರುತಿಸಿದರೆ ಮಗು ದಡ್ಡ ಎಂದರ್ಥವಲ್ಲ, ಕೆಳಗಿನ ತರಗತಿಗೆ ತಳ್ಳುವುದೂ ಅಲ್ಲ. 1974ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಲೌ ವಿರುದ್ಧ ನಿಕಲ್ಸ್ ಪ್ರಕರಣದಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಿತು: ಇಂಗ್ಲಿಷ್ ಬಾರದ ಮಗುವಿಗೆ ಎಲ್ಲರಿಗೂ ಕೊಡುವ ಅದೇ ಪುಸ್ತಕ, ಅದೇ ಶಿಕ್ಷಕರನ್ನು ಕೊಟ್ಟ ಮಾತ್ರಕ್ಕೆ ಸಮಾನತೆ ಆಗುವುದಿಲ್ಲ. ಆ ಪ್ರಕರಣ ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ಮಕ್ಕಳದ್ದು. ಅದರ ಫಲ ಇಂದು ನಮ್ಮ ಮಕ್ಕಳಿಗೂ ಸಿಗುತ್ತಿದೆ. ಸರ್ಕಾರಿ ಶಾಲೆಯಲ್ಲಿ ಈ ನೆರವಿಗೆ ಶುಲ್ಕವಿಲ್ಲ. ನಿಮ್ಮ ವೀಸಾ ಯಾವುದು ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಗುರುತಿಸಿದ ವಿಷಯವನ್ನು ಶಾಲಾ ವರ್ಷ ಶುರುವಾದ 30 ದಿನಗಳೊಳಗೆ ಪಾಲಕರಿಗೆ ಪತ್ರದ ಮೂಲಕ ತಿಳಿಸಬೇಕು. ವರ್ಷದ ನಡುವೆ ಸೇರಿದವರಿಗೆ ಎರಡು ವಾರಗಳೊಳಗೆ. ವಿಶೇಷ ಇಂಗ್ಲಿಷ್ ತರಗತಿ ಬೇಡ ಎನ್ನುವ ಹಕ್ಕು ನಿಮಗಿದೆ. ಆದರೆ ಹಾಗೆಂದರೂ ವರ್ಷಕ್ಕೊಮ್ಮೆ ನಡೆಯುವ ಇಂಗ್ಲಿಷ್ ಸಾಮರ್ಥ್ಯ ಪರೀಕ್ಷೆ ತಪ್ಪುವುದಿಲ್ಲ. ನೆರವು ಬಿಟ್ಟು ಪರೀಕ್ಷೆಯನ್ನು ಮಾತ್ರ ಉಳಿಸಿಕೊಳ್ಳುವುದರಲ್ಲಿ ಲಾಭವೇನೂ ಕಾಣುವುದಿಲ್ಲ.

ಆ ವಾರ್ಷಿಕ ಪರೀಕ್ಷೆಯ ಹೆಸರು ರಾಜ್ಯಕ್ಕೊಂದು. ನ್ಯೂಜೆರ್ಸಿ, ಇಲಿನಾಯ್, ವರ್ಜೀನಿಯಾ ಸೇರಿದಂತೆ ಬಹುಪಾಲು ರಾಜ್ಯಗಳಲ್ಲಿ ವಿಡಾ ಸಂಸ್ಥೆಯ ಆ್ಯಕ್ಸೆಸ್, ಕ್ಯಾಲಿಫೋರ್ನಿಯಾದಲ್ಲಿ ಎಲ್‌ಪ್ಯಾಕ್, ಟೆಕ್ಸಾಸ್‌ನಲ್ಲಿ ಟೆಲ್‌ಪಾಸ್. ಎಲ್ಲದರಲ್ಲೂ ನೋಡುವುದು ನಾಲ್ಕನ್ನೇ: ಕೇಳುವುದು, ಮಾತಾಡುವುದು, ಓದುವುದು, ಬರೆಯುವುದು. ನಮ್ಮ ಕಡೆಯ ಮಕ್ಕಳು ಎಡವುವುದು ಹೆಚ್ಚಾಗಿ ಮಾತಿನಲ್ಲಿ. ಊರಿನ ಶಾಲೆಯಲ್ಲಿ ಪಾಠ ಓದಿ ಪ್ರಶ್ನೋತ್ತರ ಬರೆದು ಅಭ್ಯಾಸವಿರುತ್ತದೆ, ಅಕ್ಷರವೂ ದುಂಡಗಿರುತ್ತದೆ. ಆದರೆ ಹೆಡ್‌ಫೋನ್ ಹಾಕಿಕೊಂಡು ಪರದೆಯ ಮೇಲಿನ ಚಿತ್ರ ನೋಡಿ ಏನಾಗುತ್ತಿದೆ, ಏಕೆ, ಮುಂದೇನಾಗಬಹುದು ಎಂದು ತಾನಾಗಿ ಹೇಳು ಎಂದರೆ ಒಂದೇ ಪದದಲ್ಲಿ ಉತ್ತರಿಸಿ ಸುಮ್ಮನಾಗುತ್ತಾರೆ. ದೊಡ್ಡವರ ಮುಂದೆ ಕಡಿಮೆ ಮಾತಾಡಬೇಕೆಂದು ನಾವೇ ಕಲಿಸಿದ್ದೇವಲ್ಲ! ಒಂದು ಪದದ ಉತ್ತರಕ್ಕೆ ಇಲ್ಲಿ ಅಂಕ ಕಡಿಮೆ.

ಇದಕ್ಕೆ ಟ್ಯೂಷನ್ ಬೇಕಿಲ್ಲ. ದಿನವೂ ಊಟದ ಹೊತ್ತಿಗೆ ಒಂದು ಚಿತ್ರ ಇಟ್ಟು ಮಾತಾಡಿಸಿ, ಅದೂ ಮೊದಲು ಕನ್ನಡದಲ್ಲೇ. ಗೋಳಗುಮ್ಮಟದ ಪಿಸುಮಾತಿನ ಮೊಗಸಾಲೆಯಲ್ಲಿ ಕೂಗಿದರೆ ಏನಾಗುತ್ತದೆ, ಏಕೆ? ಗೋಕಾಕ ಜಲಪಾತ ಬೇಸಿಗೆಯಲ್ಲಿ ಸೊರಗಿ ಮಳೆಗಾಲದಲ್ಲಿ ಏಕೆ ಭೋರ್ಗರೆಯುತ್ತದೆ? ಕಾರಣ ಕೊಟ್ಟು, ಬಿಡಿಸಿ ಹೇಳುವ ಅಭ್ಯಾಸ ಕನ್ನಡದಲ್ಲಿ ಬಂದರೆ ಇಂಗ್ಲಿಷಿಗೂ ಬರುತ್ತದೆ. ಇಂಗ್ಲಿಷ್ ಸುಧಾರಿಸಲಿ ಎಂದು ಮನೆಯಲ್ಲಿ ಕನ್ನಡ ನಿಲ್ಲಿಸುವುದು ದೊಡ್ಡ ನಷ್ಟ.

ಮೂರನೇ ತರಗತಿಯಿಂದ ಓದು ಮತ್ತು ಗಣಿತದ ರಾಜ್ಯಮಟ್ಟದ ಪರೀಕ್ಷೆಗಳು ಪ್ರತಿವರ್ಷ ಇರುತ್ತವೆ. ಅಮೆರಿಕದ ಶಾಲೆಗೆ ಸೇರಿ 12 ತಿಂಗಳಾಗದ ಮಗುವಿಗೆ ಓದಿನ ಪರೀಕ್ಷೆಯಿಂದ ಒಮ್ಮೆ ವಿನಾಯಿತಿ ಕೊಡಲು ಕಾನೂನು ರಾಜ್ಯಗಳಿಗೆ ಅವಕಾಶ ಕೊಟ್ಟಿದೆ; ನಿಮ್ಮ ರಾಜ್ಯ ಕೊಡುತ್ತದೆಯೇ ಎಂದು ಕೇಳಿ. ಗಣಿತದ ಪರೀಕ್ಷೆ ಬರೆಯಲೇಬೇಕು.

ಪರೀಕ್ಷೆ ಬರೆಯಲು ಮಗುವಿಗೆ ಕೊಡುವ ಅನುಕೂಲಗಳ ಮಾತು ಬರುವುದು ಇಲ್ಲೇ. ಹೆಚ್ಚಿನ ಸಮಯ, ಸಣ್ಣ ಗುಂಪಿನಲ್ಲಿ ಕೂರಿಸುವುದು, ಸೂಚನೆಗಳನ್ನು ಮತ್ತು ಗಣಿತದ ಪ್ರಶ್ನೆಗಳನ್ನು ಓದಿ ಹೇಳುವುದು, ಪದಕ್ಕೆ ಪದ ಕೊಡುವ ದ್ವಿಭಾಷಾ ನಿಘಂಟು ಇವು ಸಾಮಾನ್ಯವಾಗಿ ಸಿಗುವಂಥವು. ಪಟ್ಟಿಯಲ್ಲಿ ಇರುವುದೆಲ್ಲ ಬೇಕು ಎನ್ನಬೇಡಿ. ನಿಮ್ಮ ಮಗುವಿಗೆ ಯಾವುದು ಹೊಂದುತ್ತದೆ ಎಂದು ನೋಡಿ. ಬಾಗಲಕೋಟೆಯ ಕನ್ನಡ ಶಾಲೆಯಲ್ಲಿ ನಾಲ್ಕನೆಯ ತರಗತಿ ಮುಗಿಸಿ ಬಂದ ಹುಡುಗನಿಗೆ ಕನ್ನಡ-ಇಂಗ್ಲಿಷ್ ನಿಘಂಟು ನಿಜವಾದ ಆಸರೆ. ಕನ್ನಡ ಮಾತಾಡಲು ಬಂದು ಓದಲು ಬಾರದ ಮೂರನೆಯ ತರಗತಿಯ ಹುಡುಗಿಗೆ ಅದು ಬರೀ ಭಾರ. ಅವಳಿಗೆ ಬೇಕಾದದ್ದು ಪ್ರಶ್ನೆಯನ್ನು ಓದಿ ಹೇಳುವವರು. ಕೊಡುವ ಅನುಕೂಲ ವರ್ಷವಿಡೀ ತರಗತಿಯಲ್ಲೂ ಇರಲಿ ಎಂದು ಶಿಕ್ಷಕರನ್ನು ಕೇಳಿ. ಪರೀಕ್ಷೆಯ ದಿನವೇ ಮೊದಲ ಬಾರಿ ನಿಘಂಟು ಕೈಗೆ ಬಂದರೆ ಪುಟ ತಿರುವುವುದರಲ್ಲೇ ಹೊತ್ತು ಹೋಗುತ್ತದೆ.

ಗಣಿತದಲ್ಲಿ ನಮ್ಮ ಮಕ್ಕಳು ಮುಂದೆ ಎಂದು ನಿಶ್ಚಿಂತರಾಗಬೇಡಿ. ಮಗ್ಗಿ ಬಾಯಿಗೆ ಬರುವ ಮಗುವೂ ಲೆಕ್ಕದ ಹಂತಗಳನ್ನು ಬಿಡಿಸಿ ಬರೆಯದಿದ್ದರೆ ಅಂಕ ಕಳೆದುಕೊಳ್ಳಬಹುದು. ಒಂದು ಲಕ್ಷವನ್ನು ನಾವು 1,00,000 ಎಂದು ಬರೆದರೆ ಇಲ್ಲಿ 100,000. ಇಂಚು, ಪೌಂಡ್, ಔನ್ಸ್, ಜೊತೆಗೆ ನಿಕಲ್, ಡೈಮ್, ಕ್ವಾರ್ಟರ್ ಎಂಬ 5, 10, 25 ಸೆಂಟಿನ ನಾಣ್ಯಗಳು. ಅಂಗಡಿಗೆ ಕರೆದೊಯ್ದು ಚಿಲ್ಲರೆ ಎಣಿಸಲು ಕೊಡಿ.

ಇನ್ನೊಂದು ಸೂಕ್ಷ್ಮ ವಿಷಯ. ಹೊಸ ಭಾಷೆಯ ನಡುವೆ ಕೆಲವು ಮಕ್ಕಳು ತಿಂಗಳುಗಟ್ಟಲೆ ಮೌನವಾಗಿರುತ್ತಾರೆ. ಅದು ಕಲಿಕೆಯ ದೋಷವಲ್ಲ. ಆದರೆ ಊರಿನಲ್ಲಿದ್ದಾಗಲೇ, ಕನ್ನಡದಲ್ಲೇ, ಮಗುವಿಗೆ ಓದು ಅಥವಾ ಮಾತು ಕಷ್ಟವಾಗಿದ್ದರೆ ನಾಚಿಕೆಪಡದೆ ಶಾಲೆಗೆ ತಿಳಿಸಿ, ವಿಶೇಷ ಶಿಕ್ಷಣದ ಮೌಲ್ಯಮಾಪನ ಬೇಕೆಂದು ಲಿಖಿತವಾಗಿ ಕೇಳಿ. ಇಂಗ್ಲಿಷ್ ಬರಲಿ, ಆಮೇಲೆ ನೋಡೋಣ ಎಂದು ಅದನ್ನು ಮುಂದೂಡುವಂತಿಲ್ಲ. ಸಾಧ್ಯವಿರುವ ಕಡೆ ಮೌಲ್ಯಮಾಪನವನ್ನು ಮಗುವಿನ ಭಾಷೆಯಲ್ಲೇ ಮಾಡಬೇಕೆಂದೂ ಕಾನೂನಿದೆ.

ಇಂಥ ವಿಷಯಗಳಿಗೆ ಶಾಲೆ ಕರೆಯುವ ಸಭೆಗಳಿಗೆ ಕನ್ನಡ ದುಭಾಷಿ ಬೇಕೆಂದು ಮೊದಲೇ ಇಮೇಲ್ ಮಾಡಿ. ಇಂಗ್ಲಿಷ್ ಕಷ್ಟವಾಗುವ ಪಾಲಕರಿಗೆ ಶಾಲೆಯೇ ಉಚಿತವಾಗಿ ವ್ಯವಸ್ಥೆ ಮಾಡಬೇಕು, ಫೋನಿನಲ್ಲಾದರೂ ಸರಿ. ಮಗುವನ್ನೇ ದುಭಾಷಿಯಾಗಿ ಕೂರಿಸಿಕೊಳ್ಳಲು ಒಪ್ಪಬೇಡಿ. ತನ್ನ ಬಗ್ಗೆ ಬಂದ ದೂರನ್ನು ತಾನೇ ಅಪ್ಪ-ಅಮ್ಮನಿಗೆ ಹೇಳುವ ಸಂಕಟ ಅದಕ್ಕೆ ಬೇಡ.

ರಾಜ್ಯ ನಿಗದಿಪಡಿಸಿದ ಮಟ್ಟ ಮುಟ್ಟಿದ ಮೇಲೆ ಮಗು ಇಂಗ್ಲಿಷ್ ಕಲಿಯುತ್ತಿರುವವರ ಗುಂಪಿನಿಂದ ಹೊರಬರುತ್ತದೆ. ಆ ಬಳಿಕವೂ ಕನಿಷ್ಠ ಎರಡು ವರ್ಷ ಶಾಲೆ ಅದರ ಪ್ರಗತಿಯನ್ನು ಗಮನಿಸಬೇಕು. ಇಂಗ್ಲಿಷಿನಿಂದಾಗಿ ಹಿಂದೆ ಬಿದ್ದರೆ ಮರುಪರೀಕ್ಷೆ ನಡೆಸಿ ಮತ್ತೆ ನೆರವು ಕೊಡಬಹುದು. ಕೆಲಸದ ಕಾರಣಕ್ಕೆ ರಾಜ್ಯದಿಂದ ರಾಜ್ಯಕ್ಕೆ ಹೋಗುವವರು ಪ್ರತಿವರ್ಷದ ಅಂಕಪತ್ರ ಮತ್ತು ಅನುಕೂಲಗಳ ಪಟ್ಟಿಯನ್ನು ಊರಿನ ಶಾಲೆಯ ಟಿಸಿ ಜೊತೆ ಒಂದೇ ಫೈಲಿನಲ್ಲಿಡಿ. ಹೊಸ ಶಾಲೆಗೆ ಹೋದ ಮೊದಲ ದಿನವೇ ಅದರ ಪ್ರತಿ ಕೊಡಿ.