ಮಳೆಗಾಲವಿಡೀ ನಿಂತ ಹಳೆಯ ವೆಸ್ಪಾ, ಎಲ್‌ಎಂಎಲ್ ಸ್ಕೂಟರನ್ನು ಮನೆಯಲ್ಲೇ ರಿಪೇರಿ ಮಾಡಿ ರಸ್ತೆಗಿಳಿಸುವುದು

ಪುಣೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೊಸೈಟಿಯ ಪಾರ್ಕಿಂಗ್ ಮೂಲೆಯಲ್ಲಿ ಕವರ್ ಹೊದ್ದು ನಿಂತ ಟೂ ಸ್ಟ್ರೋಕ್ ಸ್ಕೂಟರು ಅಕ್ಟೋಬರಿನಲ್ಲಿ ಸಲೀಸಾಗಿ ಸ್ಟಾರ್ಟ್ ಆಗುವುದು ಅಪರೂಪ. ಗ್ಯಾರೇಜಿಗೆ ತಳ್ಳಿಕೊಂಡು ಹೋದರೆ ‘ಹೊಸ ಕಾರ್ಬೋರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಹಾಕಿಸಿ, ಬೋರ್ ಮಾಡಿಸಿ (ಸಿಲಿಂಡರ್ ಕೊರೆಸಿ)’ ಎಂಬ ಮಾತು ಬೇಗ ಬರುತ್ತದೆ. ಹೆಚ್ಚಿನ ಸಲ ಎರಡೂ ಬೇಕಿರುವುದಿಲ್ಲ. ನೋಡಬೇಕಾದದ್ದು ಮೂರು: ಹಳಸಿದ ಪೆಟ್ರೋಲು, ಪ್ಲಗ್ಗಿನ ಕಿಡಿ, ಬೇಡದ ಕಡೆಯಿಂದ ಇಂಜಿನ್ ಎಳೆದುಕೊಳ್ಳುವ ಗಾಳಿ. ಇದೇ ಅನುಕ್ರಮದಲ್ಲಿ ನೋಡಿ. ಮೊದಲೆರಡು ಕೆಟ್ಟರೆ ಸ್ಕೂಟರು ನಿಲ್ಲುತ್ತದೆ, ಅಷ್ಟೆ. ಗಾಳಿ ಸೋರಿಕೆ ಇದ್ದರೆ ಮಾತ್ರ ಗಾಡಿ ಓಡುತ್ತಲೇ ಪಿಸ್ಟನ್ ಸೀಜ್ ಆಗುತ್ತದೆ, ಅಂದರೆ ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ.

ಇಲ್ಲಿನ ಅಳತೆಗಳು ವೆಸ್ಪಾ ಪಿಎಕ್ಸ್ ಮನೆತನದ 150 ಸಿಸಿ ಗಾಡಿಗಳಿಗೆ, ಅಂದರೆ ನಮ್ಮಲ್ಲಿ ಕಾನ್ಪುರದ ಎಲ್‌ಎಂಎಲ್ ವೆಸ್ಪಾಗಳಿಗೆ. ಬಜಾಜ್ ಕಂಪನಿ ವೆಸ್ಪಾದ ಇಟಲಿ ತಯಾರಕ ಪಿಯಾಜಿಯೋ ಜೊತೆಗಿನ ಲೈಸೆನ್ಸ್ 1971ರಲ್ಲಿ ಮುಗಿದ ಮೇಲೆ 1972ರಲ್ಲಿ ತಂದ ಚೇತಕ್ ಕೂಡ ಇದೇ ರಕ್ತದ್ದು. ಕೆಲಸದ ಕ್ರಮ ಒಂದೇ, ಆದರೆ ಬಿಡಿಭಾಗಗಳು ಅದಲುಬದಲಾಗುವುದಿಲ್ಲ. ಲ್ಯಾಂಬ್ರೆಟಾ, ಲ್ಯಾಂಬಿ, ವಿಜಯ್ ಸೂಪರ್ ಇಟ್ಟುಕೊಂಡವರು ಈ ಅಂಕಿಗಳನ್ನು ಬಳಸಬೇಡಿ, ಅವುಗಳ ಇಂಜಿನ್ನೇ ಬೇರೆ.

ಹೊಸ ಸಾಮಾನು ನಾನಾ ಪೇಠೆಯ ಅಂಗಡಿಗಳಲ್ಲಿ ಸಿಗುತ್ತದೆ. ಹಳೆಯ ಒರಿಜಿನಲ್ ಭಾಗಕ್ಕೆ ಭಾನುವಾರ ಅಥವಾ ಬುಧವಾರ ಜುನಾ ಬಜಾರಿಗೆ ಹೋಗಿ. ಎಲ್ಲಿಗೆ ಹೋದರೂ ಬಿಚ್ಚಿದ ಭಾಗ ಕೈಯಲ್ಲಿರಲಿ. ‘ಎಲ್ಲಕ್ಕೂ ಒಂದೇ ಬರುತ್ತದೆ’ ಎಂದು ಕೊಟ್ಟ ಆಯಿಲ್ ಸೀಲ್ (ಆಯಿಲ್, ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ) ಅರ್ಧ ಮಿಲಿಮೀಟರ್ ವ್ಯತ್ಯಾಸವಿದ್ದರೂ ಕೂರುವುದಿಲ್ಲ. ಉಪಕರಣವಾಗಿ 8, 10, 11, 13, 14, 17ರ ಪಾನಾಗಳು (ಸ್ಪ್ಯಾನರ್), 21ರ ಪ್ಲಗ್ ಪಾನಾ, ಬಾಯಿ ಸವೆಯದ ಎರಡು ಸ್ಕ್ರೂ ಡ್ರೈವರ್, ಸಂದಿ ಅಳೆಯುವ ಫೀಲರ್ ಗೇಜ್ ಸಾಕು. ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ವ್ರೆಂಚ್ ಒಂದನ್ನು ಮಾತ್ರ ದುಬಾರಿಯಾದರೂ ಕೊಳ್ಳಿ, ಇಲ್ಲವೇ ಯಾರಿಂದಲಾದರೂ ಕೇಳಿ ತನ್ನಿ.

ಪೆಟ್ರೋಲಿನಿಂದ ಶುರು

ನಾಲ್ಕು ತಿಂಗಳು ನಿಂತ ಪೆಟ್ರೋಲನ್ನು ಪೂರ್ತಿ ತೆಗೆದುಬಿಡಿ. ಈಗ ಬಂಕಿನಲ್ಲಿ ಸಿಗುವ ಇ20 (ಶೇ. 20ರವರೆಗೆ ಎಥನಾಲ್ ಬೆರೆಸಿದ) ಪೆಟ್ರೋಲಿನಲ್ಲಿರುವ ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಮಿತಿ ಮೀರಿದಾಗ ಎಥನಾಲೂ ನೀರೂ ಕೂಡಿ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತವೆ, ಪೆಟ್ರೋಲ್ ಕಾಕಿನ (ನಲ್ಲಿಯ) ಬಾಯಿ ಇರುವುದೂ ಅಲ್ಲೇ. ಪೆಟ್ರೋಲಿಗೆ ಬೆರೆಸುವ ಟೂಟಿ (ಟೂ ಸ್ಟ್ರೋಕ್) ಆಯಿಲ್ ಆ ಪದರದಲ್ಲಿ ಕರಗುವುದಿಲ್ಲ. ಹಾಗಾಗಿ ಮೊದಲ ಕಿಕ್ಕುಗಳಲ್ಲಿ ಇಂಜಿನ್ನಿಗೆ ಹೋಗುವುದು ಆಯಿಲ್ ಇಲ್ಲದ ನೀರುಮಿಶ್ರ ದ್ರವ. ಸ್ಕೂಟರನ್ನು ಒಂದು ಪಕ್ಕಕ್ಕೆ ವಾಲಿಸಿ ಕಿಕ್ ಹೊಡೆಯುವ ಹಳೆಯ ಅಭ್ಯಾಸ ಇದಕ್ಕೆ ಮದ್ದಲ್ಲ.

ಈ ಕೆಲಸ ಬಯಲಲ್ಲಿ ಮಾಡಿ. ಮೀಟರ್ ಬೋರ್ಡು, ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜಿಂಗ್ ಇರುವ ನೆಲಮಾಳಿಗೆಯಲ್ಲಿ ಖಂಡಿತ ಬೇಡ. ತೆಗೆದ ಪೆಟ್ರೋಲನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಹತ್ತು ನಿಮಿಷ ಬಿಟ್ಟರೆ ತಳದ ಪದರ ಕಣ್ಣಿಗೇ ಕಾಣುತ್ತದೆ. ಅದನ್ನು ಗಟಾರಕ್ಕೆ ಸುರಿಯಬೇಡಿ.

ಹೊಸ ಮಿಶ್ರಣ ಶೇ. 2, ಅಂದರೆ ಲೀಟರಿಗೆ 20 ಮಿ.ಲೀ., 5 ಲೀಟರಿಗೆ 100 ಮಿ.ಲೀ. ಡಬ್ಬಿಯ ಮೇಲೆ ಜಾಸೋ (JASO, ಜಪಾನಿನ ಗುಣಮಟ್ಟದ ಗುರುತು) ಎಫ್‌ಸಿ ಅಥವಾ ಎಫ್‌ಡಿ ಎಂದಿರುವ ಟೂಟಿ ಆಯಿಲ್ ತೆಗೆದುಕೊಳ್ಳಿ. ಮೊದಲು ಆಯಿಲ್, ಅದರ ಮೇಲೆ ಪೆಟ್ರೋಲ್ ಹಾಕಿದರೆ ತಾನಾಗಿ ಬೆರೆಯುತ್ತದೆ. ‘ಇರಲಿ, ಸ್ವಲ್ಪ ಜಾಸ್ತಿ’ ಎಂದು ಸುರಿಯುವುದರಿಂದ ಇಂಜಿನ್ನಿಗೆ ರಕ್ಷಣೆ ಹೆಚ್ಚುವುದಿಲ್ಲ. ಪ್ಲಗ್ಗು ಕಟ್ಟುತ್ತದೆ, ಸೈಲೆನ್ಸರಿನಲ್ಲಿ ಮಸಿ ಕೂರುತ್ತದೆ.

ಪೆಟ್ರೋಲ್ ಪೈಪು ಗಟ್ಟಿಯಾಗಿದ್ದರೆ ಎಥನಾಲ್ ತಾಳುವಂಥದ್ದನ್ನು ಹಾಕಿ. ಉದ್ದ ಹಳೆಯದರಷ್ಟೇ ಇರಬೇಕು. ಉದ್ದವಾದರೆ ಟ್ಯಾಂಕ್ ಕೂರಿಸುವಾಗ ಪೈಪು ಮೇಲಕ್ಕೆ ಬಾಗಿ ಮಡಚಿಕೊಳ್ಳುತ್ತದೆ, ಗಾಡಿ ನಿಧಾನಕ್ಕೆ ಚೆನ್ನಾಗಿ ಓಡಿ ಕಾತ್ರಜ್ ಘಾಟ್ ಏರುವಾಗ ಪೆಟ್ರೋಲ್ ಸಾಲದೆ ನಿಲ್ಲುತ್ತದೆ. ನಿಂತಾಗ ಟ್ಯಾಂಕಿನ ಮುಚ್ಚಳ ತೆಗೆದು ಹಾಕಿದ ಮೇಲೆ ಮತ್ತೆ ಓಡಿದರೆ ತಪ್ಪು ಪೈಪಿನದಲ್ಲ, ಮುಚ್ಚಳದ ಗಾಳಿರಂಧ್ರ ಕಟ್ಟಿದೆ.

ಕಾರ್ಬೋರೇಟರ್

ಇದು ಡೆಲ್ಲೋರ್ಟೋ ಎಸ್‌ಐ 20/20 ಮಾದರಿ. ಇಲ್ಲಿನ ಗಾಡಿಗಳಲ್ಲಿ ಅದನ್ನೇ ಲೈಸೆನ್ಸಿನ ಮೇಲೆ ಮಾಡಿದ ಸ್ಪ್ಯಾಕೋ ಇರುತ್ತದೆ. ಇದರ ದೊಡ್ಡ ಅನುಕೂಲವೆಂದರೆ ಜೆಟ್ಟುಗಳು (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಹಿತ್ತಾಳೆ ತುಂಡುಗಳು) ಮೇಲಿನಿಂದಲೇ ಬರುತ್ತವೆ. ಬಲಗಡೆಯ ಡೂಮ್ (ಇಂಜಿನ್ ಮುಚ್ಚುವ ಉಬ್ಬು ತಗಡು) ತೆಗೆದು, ಕಾರ್ಬೋರೇಟರ್ ಪೆಟ್ಟಿಗೆಯ ಮುಚ್ಚಳ ಬಿಚ್ಚಿ, ಏರ್ ಫಿಲ್ಟರಿನ ಎರಡು ಸ್ಕ್ರೂ ತೆಗೆದರೆ ಮೇನ್ ಜೆಟ್ಟಿನ ಕಂಬವೂ ಸ್ಲೋ ಜೆಟ್ಟೂ ಎದುರಿಗೇ ಇರುತ್ತವೆ. ಕಾರ್ಬೋರೇಟರನ್ನೇ ಬಿಚ್ಚುವ ಮುಂಚೆ ಇವೆರಡನ್ನು ತೆಗೆದು ನೋಡಿ. ಪಿಎಕ್ಸ್ 150ರಲ್ಲಿ ಕಂಬದ ಮೇಲ್ಭಾಗ 160, ನಡುವೆ ಬಿಇ3 ಕೊಳವೆ, ಕೆಳಗೆ 100ರ ಮೇನ್ ಜೆಟ್. ಸ್ಲೋ ಜೆಟ್ 48/160. ನಿಮ್ಮ ಗಾಡಿಯಲ್ಲಿ ಕೊರೆದ ಸಂಖ್ಯೆ ಸ್ವಲ್ಪ ಬೇರೆ ಇರಬಹುದು, ಅದನ್ನೇ ಬರೆದಿಟ್ಟುಕೊಳ್ಳಿ.

ಚೋಕ್ ಎಳೆದಾಗ ಮಾತ್ರ ನಿಂತು ಓಡುತ್ತದೆ, ಚೋಕ್ ಬಿಟ್ಟರೆ ಸಾಯುತ್ತದೆ ಎಂದರೆ ಮೊದಲ ಅನುಮಾನ ಸ್ಲೋ ಜೆಟ್ಟಿನ ಮೇಲೆ. ಬೆಳಕಿಗೆ ಹಿಡಿದರೆ ತೂತು ದುಂಡಗೆ ಕಾಣಬೇಕು. ಕ್ಲೀನರಿನಲ್ಲಿ ನೆನೆಸಿ ಗಾಳಿ ಊದಿ. ಪಿನ್ನು, ತಾಮ್ರದ ತಂತಿ ತೂರಿಸಬೇಡಿ: ಹಿತ್ತಾಳೆ ಮೃದು, ತೂತು ದೊಡ್ಡದಾದರೆ ಆ ಜೆಟ್ಟು ಹೋದಂತೆಯೇ. ಪೈಪು ಬಂದು ಸೇರುವ ಜಾಗದ ಪುಟ್ಟ ಜಾಲರಿಯಲ್ಲಿ ಟ್ಯಾಂಕಿನ ತುಕ್ಕು ಕೂತಿರುತ್ತದೆ, ಅದನ್ನೂ ತೊಳೆಯಿರಿ.

ಪೆಟ್ರೋಲ್ ಉಕ್ಕುತ್ತಿದ್ದರೆ ಫ್ಲೋಟ್ ಪಿನ್ನಿನ ತುದಿ ನೋಡಿ. ಅಲ್ಲಿ ಸುತ್ತಲೂ ಗೆರೆ ಬಿದ್ದಿದ್ದರೆ ಉಜ್ಜಿ ಸರಿಮಾಡಲು ಹೋಗದೆ ಬದಲಿಸಿ. ಕಾಕ್ ತೆರೆದೇ ಬಿಟ್ಟ ಗಾಡಿಯಲ್ಲಿ ಹೀಗೆ ಉಕ್ಕಿದ ಪೆಟ್ರೋಲು ಕ್ರ್ಯಾಂಕ್ ಕೇಸಿಗೆ ಇಳಿದಿರುತ್ತದೆ, ಕಿಕ್ ಗಟ್ಟಿಯಾಗಿ ನಿಲ್ಲುತ್ತದೆ. ಪ್ಲಗ್ ತೆಗೆದು, ಕಾಕ್ ಮುಚ್ಚಿ, ಇಗ್ನಿಷನ್ ಆಫ್ ಮಾಡಿ ಹತ್ತಾರು ಕಿಕ್ ಹೊಡೆದು ಹೊರಹಾಕಿ.

ಕಾರ್ಬೋರೇಟರ್ ಬಿಚ್ಚಲೇಬೇಕಾದರೆ ಅದನ್ನು ಹಿಡಿದಿರುವುದು ಉದ್ದನೆಯ ಎರಡು ಬೋಲ್ಟು. ಮರಳಿ ಕೂರಿಸುವಾಗ ಕೆಡುವುದು ಇಲ್ಲೇ. 16ರಿಂದ 20 ನ್ಯೂಟನ್ ಮೀಟರ್ ಬಿಗಿ ಸಾಕು. ಅದಕ್ಕಿಂತ ಹೆಚ್ಚು ಒತ್ತಿದರೆ ಅಲ್ಯೂಮಿನಿಯಂ ತಳ ಬಾಗುತ್ತದೆ, ಸ್ಲೈಡ್ ಅಂಟುತ್ತದೆ, ಪ್ಯಾಕಿಂಗ್ ಸಂದಿಯಲ್ಲಿ ಗಾಳಿ ನುಗ್ಗುತ್ತದೆ. ಹಿಂದೆ ಯಾರೋ ಹಾಗೆ ಬಾಗಿಸಿದ್ದರೆ ದಪ್ಪ ಗಾಜಿನ ಮೇಲೆ 400 ನಂಬರಿನ ಪಾಲಿಶ್ ಪೇಪರ್ ಹಾಸಿ ತಳವನ್ನು ಎಂಟರಾಕಾರದಲ್ಲಿ ತಿಕ್ಕಿ. ಮೇಲ್ಮೈಯೆಲ್ಲ ಒಂದೇ ಬಣ್ಣಕ್ಕೆ ಬಂದಾಗ ನಿಲ್ಲಿಸಿ, ತೊಳೆದು ಹೊಸ ಪ್ಯಾಕಿಂಗ್ ಹಾಕಿ.

ಪೆಟ್ಟಿಗೆಯ ಹಿಂಬದಿಯ ರಬ್ಬರ್ ತೂತಿನಲ್ಲಿ ಮಿಕ್ಸ್ಚರ್ ಸ್ಕ್ರೂ ಇದೆ. ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ ಒಂದೂವರೆ ಸುತ್ತು ಹೊರಗೆ ತನ್ನಿ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಕಾಲು ಸುತ್ತಿನಷ್ಟು ಅತ್ತಿತ್ತ ತಿರುಗಿಸಿ ಹೊಂದಿಸಿ. ಒಳಗೆ ತಿರುಗಿಸಿದರೆ ಪೆಟ್ರೋಲ್ ಕಡಿಮೆ, ಹೊರಗೆ ಹೆಚ್ಚು.

ಕಿಡಿ

ಪ್ಲಗ್ ಗ್ಯಾಪ್ 0.6 ಮಿ.ಮೀ. ಪ್ಲಗ್ಗನ್ನು ಇಂಜಿನ್ ಲೋಹಕ್ಕೆ ಗಟ್ಟಿಯಾಗಿ ತಾಗಿಸಿ, ಪ್ಲಗ್ ತೂತಿನಿಂದ ದೂರವಿಟ್ಟು ಕಿಕ್ ಹೊಡೆದು ನೋಡಿ. ಸಿಡಿಐ (ಕಿಡಿ ಹಾರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಇರುವ ಗಾಡಿಯಲ್ಲಿ ಅರ್ಥ್ ಇಲ್ಲದೆ ಕಿಡಿ ಹಾರಿಸಿದರೆ ಸಿಡಿಐ ಸುಡಬಹುದು. ಸಿಡಿಐ ಬದಲು ಪಾಯಿಂಟ್ (ಕರೆಂಟನ್ನು ಕಡಿದು ಕಿಡಿ ಹುಟ್ಟಿಸುವ ಲೋಹದ ಸ್ವಿಚ್ಚು) ಇರುವ ಹಳೆಯ ಗಾಡಿಯಲ್ಲಿ ಗ್ಯಾಪ್ 0.3ರಿಂದ 0.5 ಮಿ.ಮೀ.; ಮಳೆಗಾಲದಲ್ಲಿ ಪಾಯಿಂಟಿನ ಮುಖಕ್ಕೆ ಬಿಳಿ ಪೊರೆ ಕಟ್ಟುತ್ತದೆ, ಅದನ್ನು ಉಜ್ಜಿದರೆ ಕಿಡಿ ಮರಳುತ್ತದೆ. ಸಿಡಿಐ ಗಾಡಿ ಬಿಸಿಯಾದಾಗ ಮಾತ್ರ ಬಂದ್ ಬೀಳುತ್ತಿದ್ದರೆ ಮ್ಯಾಗ್ನೆಟ್ಟಿನ (ಫ್ಯಾನ್ ಇರುವ ಫ್ಲೈವೀಲಿನ) ಹಿಂದಿನ ಕಾಯಿಲ್ ವೈರುಗಳನ್ನು ನೋಡಿ. ಆಯಿಲಿಗೂ ಶಾಖಕ್ಕೂ ಅವುಗಳ ಹೊದಿಕೆ ಒಡೆದು ಪುಡಿಯಾಗಿರುತ್ತದೆ.

ಗಾಳಿ ಎಳೆಯುವ ಇಂಜಿನ್

ರೇಸ್ ಬಿಟ್ಟರೂ ಇಂಜಿನ್ ಸದ್ದು ಇಳಿಯದೆ ಮೇಲೆಯೇ ನಿಲ್ಲುತ್ತಿದೆ, ಸ್ಲೋ ಸ್ಪೀಡ್ ಒಂದು ದಿನ ಇದ್ದಂತೆ ಮರುದಿನ ಇಲ್ಲ, ಪ್ಲಗ್ ಬೆಳ್ಳಗೆ ಸುಟ್ಟಂತಿದೆ. ಈ ಮೂರೂ ಕೂಡಿದರೆ ಗಾಡಿಯನ್ನು ಅಲ್ಲಿಗೇ ನಿಲ್ಲಿಸಿ, ಹೈವೇಗೆ ಒಯ್ಯಬೇಡಿ. ಗಾಳಿ ಹೆಚ್ಚಾದಷ್ಟು ಪೆಟ್ರೋಲಿನ ಪಾಲು ಕುಗ್ಗುತ್ತದೆ. ಟೂ ಸ್ಟ್ರೋಕಿನಲ್ಲಿ ಪೆಟ್ರೋಲಿನ ಜೊತೆಗೇ ಆಯಿಲೂ ಬರುವುದರಿಂದ ಶಾಖ ಏರುವ ಹೊತ್ತಿಗೇ ಜಿಡ್ಡೂ ಸಾಲದಾಗುತ್ತದೆ.

ಮೊದಲು ಹೊರಗಿನ ಜೋಡಣೆಗಳು. ಕಾರ್ಬೋರೇಟರ್ ತಳಕ್ಕೆ, ಸಿಲಿಂಡರ್ ಬುಡಕ್ಕೆ ಬ್ರಶ್ಶಿನಿಂದ ದಪ್ಪ ಆಯಿಲ್ ಹಚ್ಚಿ ಇಂಜಿನ್ ಓಡಿಸಿ. ಒಂದು ಕಡೆ ಹಚ್ಚಿದ ಕೂಡಲೇ ಸದ್ದು ಬದಲಾದರೆ ಸೋರಿಕೆ ಅಲ್ಲೇ. ಅಲ್ಲೆಲ್ಲ ಸರಿಯಿದ್ದರೆ ಕ್ರ್ಯಾಂಕಿನ ಎರಡು ಆಯಿಲ್ ಸೀಲುಗಳಿಗೆ ಬನ್ನಿ. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ ಇಂಜಿನ್ನಿಗೆ ಸೇರಿ ಇಂಜಿನ್ ಕಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲುವುದಿಲ್ಲ. ಗೇರ್ ಆಯಿಲನ್ನು ಬೆರಳಿಗೆ ತೆಗೆದು ಮೂಸಿದರೆ ಪೆಟ್ರೋಲ್ ವಾಸನೆ ಬರುವುದೂ ಉಂಟು. ಇದನ್ನು ಬದಲಿಸಲು ಇಂಜಿನ್ ಇಳಿಸಿ ಕೇಸ್ ಒಡೆಯಬೇಕು. ಮೊದಲ ಸಲ ಗೊತ್ತಿರುವ ಮಿಸ್ತ್ರಿಯ ಪಕ್ಕದಲ್ಲಿ ಕೂತು ಮಾಡಿಸಿ.

ಮ್ಯಾಗ್ನೆಟ್ ಕಡೆಯ ಸೀಲನ್ನು ಮಾತ್ರ ಮನೆಯಲ್ಲೇ ಹಾಕಬಹುದು. ಫ್ಯಾನ್ ಕವರ್ ತೆಗೆದು 17ರ ನಟ್ ಬಿಚ್ಚಿ, ಮ್ಯಾಗ್ನೆಟ್ಟನ್ನು ಪುಲ್ಲರಿನಿಂದಲೇ ಎಳೆಯಿರಿ, ಸುತ್ತಿಗೆ ಮುಟ್ಟಬೇಡಿ. ಸೀಲ್ ಹೋಗಿದ್ದರೆ ಕಾಯಿಲ್ ಪ್ಲೇಟಿನ ಹಿಂದೆ ಕಪ್ಪು ಜಿಡ್ಡು ಒದ್ದೆಯಾಗಿ ಕಾಣುತ್ತದೆ. ಪ್ಲೇಟಿನ ಮೂರು ಸ್ಕ್ರೂ ಸಡಿಲಿಸುವ ಮುಂಚೆ ಪ್ಲೇಟಿಗೂ ಕೇಸಿಗೂ ಸೇರಿ ಸೂಜಿಯಿಂದ ಒಂದೇ ಗೆರೆ ಎಳೆಯಿರಿ, ಟೈಮಿಂಗ್ ತಪ್ಪುವುದಿಲ್ಲ. ಹಳೆಯ ಸೀಲ್ ಎಷ್ಟು ಆಳಕ್ಕೆ ಕೂತಿತ್ತೆಂದು ನೋಡಿಕೊಂಡು, ಕ್ರ್ಯಾಂಕಿಗೆ ಗೀರು ಬೀಳದಂತೆ ತೆಗೆಯಿರಿ. ಹೊಸದರ ಸ್ಪ್ರಿಂಗ್ ಇರುವ ಮುಖ ಇಂಜಿನ್ ಒಳಗೆ ನೋಡಬೇಕು. ತುಟಿಗೆ ಎರಡು ಹನಿ ಟೂಟಿ ಆಯಿಲ್ ಹಚ್ಚಿ, ಸೀಲಿನ ಅಗಲದ ಸಾಕೆಟ್ ಇಟ್ಟು ನೇರವಾಗಿ ಒತ್ತಿ. ಮ್ಯಾಗ್ನೆಟ್ ಕೂರುವ ಇಳಿಜಾರು ಭಾಗದಲ್ಲಿ ಆಯಿಲ್ ಇರಬಾರದು, ಕೀ (ಮ್ಯಾಗ್ನೆಟ್ ಜಾರದಂತೆ ಹಿಡಿಯುವ ಪುಟ್ಟ ಲೋಹದ ತುಂಡು) ಸರಿಯಾಗಿ ಕೂತಿರಬೇಕು, ನಟ್ ಬಿಗಿ 60ರಿಂದ 65 ನ್ಯೂಟನ್ ಮೀಟರ್.

ಉಳಿದ ಕೆಲಸ

ಗೇರ್ ಆಯಿಲ್ ಎಸ್‌ಎಇ 30, 250 ಮಿ.ಲೀ. ಕ್ಲಚ್ಚು ಇದೇ ಆಯಿಲಿನಲ್ಲಿ ಮುಳುಗಿರುವುದರಿಂದ ಕಾರಿನ ಆಯಿಲ್ ಹಾಕಿದರೆ ಜಾರಬಹುದು. ಕ್ಲಚ್ ಕೇಬಲಿಗೆ ಲಿವರ್ ಬುಡದಲ್ಲಿ 2 ಮಿ.ಮೀ. ಸಡಿಲ ಇರಲಿ.

ಟೈರು 3.50-10. ಗಾಳಿ ಮುಂದೆ 18, ಹಿಂದೆ ಒಬ್ಬರಿಗೆ 25, ಇಬ್ಬರಿಗೆ 36 ಪಿಎಸ್‌ಐ. ಪಂಕ್ಚರ್ ತೆಗೆಯುವಾಗ ಒಂದು ಎಚ್ಚರ ಜೀವದ ಪ್ರಶ್ನೆ: ರಿಮ್ಮು ಎರಡು ಹೋಳು. ಹೋಳುಗಳನ್ನು ಹಿಡಿದ ನಟ್ಟುಗಳೂ ಡ್ರಮ್ಮಿಗೆ ಚಕ್ರ ಹಿಡಿದ ನಟ್ಟುಗಳೂ ಎರಡೂ 13ರವೇ. ಟ್ಯೂಬಿನಲ್ಲಿ ಗಾಳಿ ಇರುವಾಗ ಹೋಳಿನ ನಟ್ ಬಿಚ್ಚಿದರೆ ರಿಮ್ಮು ಮುಖಕ್ಕೆ ಸಿಡಿಯುತ್ತದೆ. ವಾಲ್ವಿನ ಪಿನ್ನು ತೆಗೆದು ಗಾಳಿ ಪೂರ್ತಿ ಬಿಟ್ಟ ಮೇಲೆಯೇ ಪಾನಾ ಹಾಕಿ. ಸ್ಟೆಪ್ನಿಗೂ ಇದೇ ನಿಯಮ.

ಹಿಂದಿನ ಚಕ್ರ ತೆಗೆದಾಗ ಡ್ರಮ್ಮಿನ ನಡುವಿನ ದೊಡ್ಡ ನಟ್ಟನ್ನೂ ನೋಡಿಬಿಡಿ. ಅದು ಸಡಿಲವಾದರೆ ಡ್ರಮ್ಮಿನ ಒಳಹಲ್ಲು ತಿಂದುಹೋಗಿ ಇಂಜಿನ್ ಓಡಿದರೂ ಚಕ್ರ ತಿರುಗುವುದಿಲ್ಲ. 90ರಿಂದ 110 ನ್ಯೂಟನ್ ಮೀಟರ್ ಬಿಗಿ ಮಾಡಿ, ಹೊಸ ಸ್ಪ್ಲಿಟ್ ಪಿನ್ ಹಾಕಿ ಎರಡೂ ತುದಿ ಬಗ್ಗಿಸಿ.